ಐದನೇ ಹಾಡು

ಗಡಿಯಾರ ಕಂಬದ ಹಿಂದೆ, ಹದಿನೇಳು ಮೆಟ್ಟಿಲು ಹತ್ತಿದರೆ
ನನ್ನ ಸ್ಟುಡಿಯೊ.
ಗೋಡೆಗೆ ಗೋಣಿತಾಟು, ತಾಟಿನ ಹಿಂದೆ
ಮುಚ್ಚಿದ ಮಿಲ್ಲಿನ ಕೊನೆಯ ಲಾಟಿನ ಹತ್ತಿ.
ಇಲ್ಲಿ ನಾನು ಚುನಾವಣೆ ಆಟೋಗಳ ಕೂಗು ಹಿಡಿದಿದ್ದೇನೆ,
ಕಳೆದುಹೋದ ಎಮ್ಮೆಯ ಪ್ರಕಟಣೆ, ಸೀರೆ ಸೇಲು,
ಭಜನೆ, ನಾಟಕ ಕಂಪನಿಗೆ ಅರ್ಧ ಡಜನ್ ಗುಡುಗು.
ಕೆಂಪು ದೀಪ ಹತ್ತಿದರೆ ಫ್ಯಾನ್ ಆರಿಸಬೇಕು.
ಅದೊಂದೇ ಕಾನೂನು.

ಈ ಸಲ ಬಂದವರ ಹತ್ತಿರ ಏಳು ಹಾಡಿದ್ದವು.
ಆಲ್ಬಮ್ಮಿನ ಹೆಸರು ‘ಯಾವೂರಾಯ್ತು?’
ದುಡ್ಡು ಮಂಡಕ್ಕಿ ಭಟ್ಟಿಯವರು ಕೂಡಿಸಿದ ಹತ್ತರ ನೋಟು,
ನೋಟಿನ ಮಸಿ ಎಣಿಸಿದ ಬೆರಳಿಗೂ ಮೆತ್ತಿತು.

ಮೊದಲು ಹಾಡಿದವಳು ಜಪಾನ್,
ಚನ್ನಗಿರಿ ಕಡೆಯ ಹಕ್ಕಿಪಿಕ್ಕಿ ಕಾಲೋನಿಯವಳು.
ಅವಳಣ್ಣ ಹೈಕೋರ್ಟ್ ಕೆಳಗೆ ಸ್ಕೂಟರ್ ಕಾಯುತ್ತಿದ್ದ.
ಪಟ್ಟಿ ಬರೆಯಲು ಬಂದ ಗುಮಾಸ್ತ ಕೇಳಿದ್ದನಂತೆ:
‘ಹೆಸರೇನಮ್ಮ?’
‘ಜಪಾನ್.’
‘ದೇಶ ಕೇಳಲಿಲ್ಲ, ಹೆಸರು ಹೇಳು.’
‘ಜಪಾನ್, ಸಾಮಿ.’
‘ಹಂಗಾದ್ರೆ ದೇಶ?’
‘ಇದೇ. ನೀ ಕುರ್ಚಿ ಹಾಕ್ಕೊಂಡು ಕುಂತೀಯಲ್ಲ, ಇದು.’
ಅದನ್ನೇ ಹಾಡು ಮಾಡಿದ್ದಳು,
ಅರ್ಧ ಅವಳ ಮನೆಮಾತು, ಅರ್ಧ ನಮ್ಮ ಮಾತು.
ಎಲ್ಲಿ ಒಂದು ಮುಗಿದು ಇನ್ನೊಂದು ಹಿಡಿಯಿತೋ
ಹೆಡ್‌ಫೋನ್ ಹಾಕಿದ್ದ ನನಗೂ ತಿಳಿಯಲಿಲ್ಲ.

ಜೈತುನ್‌ಬಿ ಬಂದಳು ಮಧ್ಯಾಹ್ನದ ಪಾಳಿ ಬಿಟ್ಟು.
ಭಟ್ಟಿಯ ಹೊಗೆ ಕುಡಿದ ಗಂಟಲು, ಏರು ದನಿಗೆ ಹೋದರೆ
ಕಾದ ಮರಳಲ್ಲಿ ಅಕ್ಕಿ ಸಿಡಿದಂತೆ ಸಿಡಿಯುತ್ತದೆ.
ನನ್ನ ಕೈ ಗುಂಡಿಯ ಮೇಲಿದ್ದದ್ದು ನೋಡಿ
‘ಇದನ್ನ ತೊಳೀಬ್ಯಾಡ’ ಅಂದಳು.
ಮೂರನೇ ನುಡಿಗೆ ಹರಿಹರದ ಕಡೆಯಿಂದ ಗೂಡ್ಸ್ ಬಂತು.
ಅಷ್ಟೂ ಡಬ್ಬಿ ದಾಟುವವರೆಗೆ
ಅವಳು ನಿಲ್ಲಿಸಲಿಲ್ಲ, ನಾನೂ ನಿಲ್ಲಿಸಲಿಲ್ಲ.
ಅಜ್ಜನ ಹುಟ್ಟಿದ ತಾರೀಖು ಕೇಳುವವರಿಗೆ ಕಟ್ಟಿದ ಹಾಡು;
‘ಪ್ಲೇಗಿನ ವರ್ಷ, ಮಾವು ಹೂಬಿಟ್ಟ ವಾರ’ ಎಂಬ ಸಾಲು
ಪೂರ್ತಿ ಗಾಲಿಯಡಿಗೆ ಹೋಯಿತು.

ಐದನೇ ಹಾಡು ಅವನದು.
ಹೆಸರು ಬರೆಯಬೇಡಿ ಅಂದ. ಬರೆಯುವುದಿಲ್ಲ.
ಗಾರೆ ಕೆಲಸ. ನದಿ ತಿಂದ ಊರಿನವ.
ಅವನ ಮಾತು ಗಡಿಯ ಈಚೆಗೂ ಆಚೆಗೂ ಒಂದೇ,
ಅವನ ಮೇಲಿರುವ ಕೇಸು ಅಷ್ಟೇ.
ಕಣ್ಣು ಮುಚ್ಚಿ ಹಾಡಿದ. ‘ಮಾ’ ಎಂಬುದೊಂದು ಬಿಟ್ಟು
ನನಗೇನೂ ತಿಳಿಯಲಿಲ್ಲ.
ಮೂರನೇ ದಿನ ಬಂದು, ಚಪ್ಪಲಿ ಬಿಡದೆ, ಬಾಗಿಲಲ್ಲೇ ನಿಂತ:
‘ಭಾಯ್, ದನಿ ತೆಗೆದುಬಿಡಿ.
ಮಾತು ಕೇಳಿ ಕೇಳಿಯೇ ಓನರ್ ಎರಡು ರೂಮು ಖಾಲಿ ಮಾಡಿಸಿದ.’

ತೆಗೆದೆ.
ಉಸಿರು ಉಳಿಸಿಕೊಂಡೆ.
ಉಸಿರು ಕೇಳಿ ಊರು ಹೇಳುವ ಓನರ್ ಇನ್ನೂ ಹುಟ್ಟಿಲ್ಲ.
ಒಬ್ಬ ಎಳೆದುಕೊಳ್ಳುವ ಗಾಳಿ,
ಆಮೇಲೆ ಸಾಲಿನುದ್ದಕ್ಕೂ ಬರಿ ದಮ್ಮಡಿ,
ಮತ್ತೆ ಗಾಳಿ.

ಕವರಿಗೆಂದು ಪ್ರೆಸ್ಸಿನವನು ಫಾರಂ ಕಳಿಸಿದ.
ಹಾಡಿದವರು, ಊರು. ನುಡಿಸಿದವರು, ಊರು.
ಧ್ವನಿಮುದ್ರಣ: ನಾನು. ಊರು?
ನನ್ನಜ್ಜ ಧೋಂಡಿಬಾ ಬಾರ್ಶಿಯಿಂದ ಟಿಕೆಟ್ಟಿಲ್ಲದೆ ಬಂದವ,
ಮಿಲ್ಲಿನ ಸೈರನ್ ಕೇಳಿಸಿದಲ್ಲಿ ಇಳಿದನಂತೆ.
ಮನೆಯಲ್ಲಿ ಈಗಲೂ ಬೈಯುವುದು ಮರಾಠಿಯಲ್ಲೇ.
ಯಾವೂರಾಯ್ತು ಎಂದು ನನ್ನನ್ನು ಕೇಳಿದ್ದು
ಹೆಣ್ಣು ನೋಡಲು ಹೋದಾಗ, ಒಂದೇ ಸಲ.
ಕಾಫಿ ಕೊಟ್ಟು ಕೇಳಿದ್ದರು.

ಶನಿವಾರ ಸಂಜೆ ಜಯದೇವ ವೃತ್ತದಲ್ಲಿ ಹಾಕಿದರು.
ಐದನೆಯದಕ್ಕೆ ‘ವೈರ್ ನೋಡ್ರೋ, ವೈರ್’ ಎಂದು ಯಾರೋ ಕೂಗಿದರು.
ಕೆಲವರು ಎದ್ದು ಬಸ್ಸಿಗೆ ಹೋದರು.
ಟೀ ಅಂಗಡಿಯ ಮಗ್ಗುಲಲ್ಲಿ,
ಮೊಣಕೈಗೆ ಒಣಗಿದ ಸಿಮೆಂಟು, ಕೈಯಲ್ಲಿ ಆರಿದ ಗ್ಲಾಸು,
ಒಬ್ಬನ ತುಟಿ ಮಾತ್ರ ಅಲ್ಲಾಡುತ್ತಿತ್ತು,
ಒಂದು ಸಾಲೂ ತಪ್ಪದೆ.

ಏಳನೆಯದು ಮುಗಿದ ಮೇಲೆ, ನಾನು ಕತ್ತರಿಸಲು ಮರೆತದ್ದು,
ವೃತ್ತದ ನಾಲ್ಕೂ ದಾರಿಗೆ ಜಪಾನಳ ದನಿ:
‘ಮುಗೀತಾ? ಫ್ಯಾನ್ ಹಾಕಪ್ಪ, ಬೆಂದುಹೋದೆ.’